ಪೆಟ್ಟಿಗೆಯೊಳಗಿನ ಮನುಷ್ಯ, ಜೇಬಿನೊಳಗಿನ ಯಂತ್ರ



ಪಾಸ್ಕ ಹಬ್ಬ ಕಳೆದ ಮೇಲೆ ಒಂದು ಭಾನುವಾರ ಕಲ್ಯಾಣದುರ್ಗದ ಗೆಳೆಯರು ನಮ್ಮ ಹಿಂದೂಪುರಕ್ಕೆ ಬಂದಿದ್ದರು. ಪಾವಗಡದ ದಾರಿ ಹಿಡಿದರೆ ಅದೊಂದು ವಿಚಿತ್ರ ಪ್ರಯಾಣ. ಆಂಧ್ರದಲ್ಲಿ ಬಸ್ಸು ಹತ್ತಿ, ನಡುವೆ ಕರ್ನಾಟಕ ದಾಟಿ, ಮತ್ತೆ ಆಂಧ್ರದಲ್ಲಿ ಇಳಿಯಬೇಕು. ನಮ್ಮ ಮಾತೂ ಹಾಗೆಯೇ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಚದುರಂಗದ ಮಣೆಯ ಮುಂದೆ ಕೂತರೆ ಎರಡೂ ಬೆರಕೆ. ನಾವು ಕಾಲಾಳು ಅನ್ನುವುದನ್ನು ಅವರಲ್ಲಿ ಕೆಲವರು ಬಂಟು ಅನ್ನುತ್ತಾರೆ. ಕುದುರೆ ಮಾತ್ರ ಯಾವ ಭಾಷೆಯಲ್ಲಿ ಕರೆದರೂ ಎರಡೂವರೆ ಮನೆಯೇ ಹಾರುತ್ತದೆ.

ಪೂಜೆ ಮುಗಿಸಿ, ಊಟ ಮಾಡಿ, ಚರ್ಚಿನ ಪಕ್ಕದ ಹಾಲ್‌ನಲ್ಲಿ ಐದು ಮಣೆ ಹಾಸಿದೆವು. ನಾವು 3–2ರಲ್ಲಿ ಗೆದ್ದೆವು. ಕೊನೆಯ ಆಟ ಗೆದ್ದುಕೊಟ್ಟವನು ಹತ್ತನೇ ತರಗತಿ ಪರೀಕ್ಷೆ ಬರೆದು ಕೂತಿದ್ದ ನಮ್ಮ ಒಬ್ಬ ತಮ್ಮ. ಎಲ್ಲರೂ ಅವನ ಬೆನ್ನು ತಟ್ಟಿದೆವು. ಅತಿಥಿಗಳನ್ನು ಬಸ್ ಹತ್ತಿಸಿ ಬಂದು ಟೀ ಲೋಟ ತೊಳೆಯುತ್ತಿದ್ದಾಗ ಅವನು ಹತ್ತಿರ ಬಂದು, “ಅಣ್ಣಾ, ಆ ಆಟ ನಾನು ಗೆದ್ದದ್ದಲ್ಲ” ಅಂದ. ನೀರು ಕುಡಿಯಲು ಅಂತ ಎರಡು ಸಲ ಹೊರಗೆ ಹೋದವನು ಫೋನಿನಲ್ಲಿ ನಡೆ ನೋಡಿಕೊಂಡು ಬಂದಿದ್ದ.

ನಮಗೆ ಏನು ಹೇಳಬೇಕೋ ತೋಚಲಿಲ್ಲ. ಅವನೇ ಮುಂದುವರಿಸಿದ: “ವಿಶ್ವ ಚಾಂಪಿಯನ್ನೇ ಈ ಫೋನಿಗೆ ಸೋಲ್ತಾನೆ ಅಂತಾರೆ. ನಿಜವಾ ಅಣ್ಣಾ? ನಿಜ ಆದ್ರೆ ನಾವು ಇಷ್ಟು ಕಷ್ಟಪಟ್ಟು ಕಲಿತು ಏನು ಬಂತು?”

ಅವನು ತಪ್ಪು ಒಪ್ಪಿಕೊಂಡದ್ದು ಒಂದು ವಿಷಯ. ಅವನ ಪ್ರಶ್ನೆ ಇನ್ನೊಂದು. ಆ ಪ್ರಶ್ನೆಯನ್ನು ಬೈದು ಮುಚ್ಚಿಹಾಕುವುದು ಸರಿಯಲ್ಲ ಅನ್ನಿಸಿ ನಾವು ಮೂರ್ನಾಲ್ಕು ಜನ ಕೂತು ಓದಿ, ಚರ್ಚಿಸಿ, ಈ ಲೇಖನ ಬರೆದಿದ್ದೇವೆ. ಚದುರಂಗ ಆಡುವ ಯಂತ್ರಕ್ಕೂ ಮನುಷ್ಯನಿಗೂ ನಡೆದ ಇನ್ನೂರೈವತ್ತು ವರ್ಷಗಳ ಕಥೆ ಇದು.

ನಮ್ಮ ನೆಲದ ಕುದುರೆ

ಕಥೆ ಶುರುಮಾಡುವ ಮೊದಲು ಒಂದು ಮಾತು. ಚದುರಂಗ ನಮಗೆ ಫೋನಿನಿಂದ ಬಂದ ಆಟವಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಎಂಬ ಗ್ರಂಥ ಬರೆದ. (ಆ ಕಲ್ಯಾಣ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ, ನಮ್ಮ ಕಲ್ಯಾಣದುರ್ಗ ಅಲ್ಲ!) ಅಡುಗೆ, ಸಂಗೀತ, ಬೇಟೆಯ ಜೊತೆಗೆ ಅದರಲ್ಲಿ ಚದುರಂಗದ ವಿವರವೂ ಇದೆ.

19ನೇ ಶತಮಾನದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಒಗಟುಗಳಲ್ಲೇ ಮುಳುಗಿದ್ದವರು. ಅವರಿಗೆ ಪ್ರಿಯವಾಗಿದ್ದದ್ದು ಕುದುರೆಯ ಓಟ: ಒಂದೇ ಕುದುರೆ 64 ಮನೆಗಳನ್ನೂ, ಯಾವ ಮನೆಯನ್ನೂ ಎರಡನೇ ಸಲ ಮೆಟ್ಟದೆ, ಸುತ್ತಿ ಮುಗಿಸಬೇಕು. ಬಿಡುವಿದ್ದಾಗ ಒಂದು ಹಾಳೆಯಲ್ಲಿ ಚೌಕ ಬರೆದು ಪ್ರಯತ್ನಿಸಿ ನೋಡಿ. ಮೂವತ್ತು ಮನೆ ಸಲೀಸಾಗಿ ಸಾಗುತ್ತದೆ. ಐವತ್ತು ದಾಟಿದ ಮೇಲೆ ಕುದುರೆ ಎಲ್ಲೋ ಒಂದು ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಇವತ್ತು ಒಂದು ಸಣ್ಣ ಪ್ರೋಗ್ರಾಮ್ ಇದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಬಿಡಿಸುತ್ತದೆ. ಮುಮ್ಮಡಿಯವರು ಅದಕ್ಕಾಗಿ ಎಷ್ಟು ಸಂಜೆಗಳನ್ನು ಕಳೆದಿರಬಹುದು! ಆ ಸಂಜೆಗಳು ದಂಡವಾದವು ಅಂತ ಯಾರಾದರೂ ಹೇಳುತ್ತಾರೆಯೇ?

ಒಬ್ಬ ಪಾದ್ರಿ, ಒಬ್ಬ ಸಂತೆ

ನಮ್ಮ ಧರ್ಮಸಭೆಗೂ ಈ ಆಟಕ್ಕೂ ಹಳೆಯ ನಂಟಿದೆ. ನೀವು ಕುದುರೆ ಮುಂದೆ ಇಟ್ಟು, ಒಂಟೆಯನ್ನು ಎದುರಾಳಿಯ ಕುದುರೆಯ ಮೇಲೆ ಬಿಡುವ ಆ ಪ್ರಸಿದ್ಧ ಆರಂಭಕ್ಕೆ ರೂಯ್ ಲೋಪೆಸ್ ಎಂದು ಹೆಸರು. ಅವರು ಸ್ಪೇನ್ ದೇಶದ ಒಬ್ಬ ಗುರುಗಳು. 1561ರಲ್ಲಿ ಚದುರಂಗದ ಮೇಲೆ ಪುಸ್ತಕ ಬರೆದರು. ಎದುರಾಳಿಯ ಕಣ್ಣಿಗೆ ಬಿಸಿಲು ಬೀಳುವಂತೆ ಮಣೆ ಇಡಿ ಎಂಬ ಸಲಹೆಯೂ ಅವರದೇ! ಗುರುಗಳಾದರೂ ಗೆಲ್ಲುವ ಆಸೆ ಬಿಟ್ಟಿರಲಿಲ್ಲ.

ಅದೇ ಕಾಲದ, ಅದೇ ದೇಶದ ಆವಿಲಾದ ಸಂತ ತೆರೇಸಾ ತಮ್ಮ ಸಹೋದರಿಯರಿಗೆ ಪ್ರಾರ್ಥನೆಯ ಬಗ್ಗೆ ಬರೆಯುವಾಗ ಚದುರಂಗದ ಹೋಲಿಕೆ ಕೊಟ್ಟಿದ್ದಾರೆ. 1944ರಲ್ಲಿ ಸ್ಪೇನ್‌ನಲ್ಲಿ ಅವರನ್ನು ಚದುರಂಗದವರ ಪಾಲಕ ಸಂತರನ್ನಾಗಿ ಆರಿಸಿಕೊಂಡರು. ಅಕ್ಟೋಬರ್ 15ರಂದು ಅವರ ಹಬ್ಬ ಬಂದಾಗ ಮಣೆಯ ನೆನಪೂ ಆಗಲಿ.

ಪೆಟ್ಟಿಗೆಯೊಳಗಿನ ಮನುಷ್ಯ

ಈಗ ಯಂತ್ರದ ಕಥೆಗೆ ಬರೋಣ. 1770. ನಮ್ಮ ಕಡೆ ಗುತ್ತಿ ಕೋಟೆಯಲ್ಲಿ ಮರಾಠ ಸರದಾರ ಮುರಾರಿ ರಾವ್, ಮೈಸೂರಿನಲ್ಲಿ ಹೈದರಾಲಿ. ಅತ್ತ ವಿಯೆನ್ನಾದಲ್ಲಿ ರಾಣಿ ಮರಿಯಾ ತೆರೇಸಾಳ ಆಸ್ಥಾನದಲ್ಲಿ ವೊಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ಎಂಬ ಅಧಿಕಾರಿ ಒಂದು ದೊಡ್ಡ ಮರದ ಪೆಟ್ಟಿಗೆ ತಂದು ನಿಲ್ಲಿಸಿದ. ಪೆಟ್ಟಿಗೆಯ ಹಿಂದೆ ಮುಂಡಾಸು ಸುತ್ತಿದ ತುರ್ಕಿ ಗೊಂಬೆ, ಮುಂದೆ ಚದುರಂಗದ ಮಣೆ. ಅವನು ಬಾಗಿಲುಗಳನ್ನು ಒಂದೊಂದಾಗಿ ತೆರೆದು ತೋರಿಸಿದ. ಒಳಗೆ ಹಲ್ಲುಗಾಲಿ, ತಂತಿ, ಮೊಳೆ. ಆಮೇಲೆ ಕೀಲಿ ಕೊಟ್ಟ. ಗೊಂಬೆ ಕೈ ಎತ್ತಿ ಕಾಯಿ ನಡೆಸಿತು. ಬಂದವರನ್ನೆಲ್ಲ ಸೋಲಿಸಿತು.

ಯುರೋಪು ಬೆರಗಾಯಿತು. 1809ರಲ್ಲಿ ನೆಪೋಲಿಯನ್ ಕೂಡ ಅದರ ಮುಂದೆ ಕೂತು ಸೋತ. ಆದರೆ ಆ ಕಾಲದ ಅತಿ ದೊಡ್ಡ ಆಟಗಾರ, ಫ್ರಾನ್ಸಿನ ಫಿಲಿಡೋರ್, 1783ರಲ್ಲಿ ಪ್ಯಾರಿಸ್‌ನಲ್ಲಿ ಅದನ್ನು ಸೋಲಿಸಿದ್ದರು. ಅದರಲ್ಲೇ ಗುಟ್ಟಿತ್ತು. ಆ ಯಂತ್ರ ಒಬ್ಬ ಒಳ್ಳೆಯ ಮನುಷ್ಯ ಆಟಗಾರನಷ್ಟೇ ಬಲಶಾಲಿ. ಏಕೆಂದರೆ ಒಳಗೆ ಒಬ್ಬ ಮನುಷ್ಯನೇ ಕೂತಿದ್ದ! ಬಾಗಿಲು ತೆರೆದಂತೆಲ್ಲ ಜರುಗುವ ಪೀಠದ ಮೇಲೆ ಅತ್ತಿತ್ತ ಸರಿಯುತ್ತ, ಮೇಣದ ಬತ್ತಿಯ ಬೆಳಕಿನಲ್ಲಿ, ಹೊಗೆಯಲ್ಲಿ ಉಸಿರು ಹಿಡಿದು ಆಡುತ್ತಿದ್ದ. ಆ ಪೆಟ್ಟಿಗೆ ಕೊನೆಗೆ ಅಮೆರಿಕಕ್ಕೆ ಹೋಗಿ, 1854ರಲ್ಲಿ ಫಿಲಡೆಲ್ಫಿಯಾದಲ್ಲಿ ಬೆಂಕಿಗೆ ಸಿಕ್ಕಿ ಸುಟ್ಟುಹೋಯಿತು.

ಈ ಚಿತ್ರವನ್ನು ನೆನಪಿಟ್ಟುಕೊಳ್ಳಿ: ಯಂತ್ರದೊಳಗೆ ಅಡಗಿದ ಮನುಷ್ಯ. ಮುಂದೆ ಬೇಕಾಗುತ್ತದೆ.

ಕಾಗದದ ಮೇಲಿನ ಯಂತ್ರ

ನಿಜವಾಗಿ ತಾನೇ ಆಡಿದ ಮೊದಲ ಯಂತ್ರವನ್ನು 1912ರ ಹೊತ್ತಿಗೆ ಸ್ಪೇನ್‌ನ ಟೊರೆಸ್ ಕೆವೆಡೊ ಕಟ್ಟಿದರು. ಅದಕ್ಕೆ ಪೂರ್ತಿ ಆಟ ಬರುತ್ತಿರಲಿಲ್ಲ. ತನ್ನ ರಾಜ ಮತ್ತು ಆನೆಯಿಂದ ಎದುರಿನ ಒಂಟಿ ರಾಜನನ್ನು ಕಟ್ಟಿಹಾಕುವುದಷ್ಟೇ ಗೊತ್ತು. ಆದರೆ ಅದರಲ್ಲಿ ಮೋಸ ಇರಲಿಲ್ಲ.

1948ರ ಸುಮಾರಿಗೆ ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ ತಮ್ಮ ಗೆಳೆಯರೊಬ್ಬರ ಜೊತೆ ಸೇರಿ ಚದುರಂಗದ ಪ್ರೋಗ್ರಾಮ್ ಬರೆದರು. ಅದನ್ನು ಓಡಿಸುವ ಕಂಪ್ಯೂಟರ್ ಇರಲಿಲ್ಲ. ಆದ್ದರಿಂದ 1952ರಲ್ಲಿ ಟ್ಯೂರಿಂಗ್ ತಾವೇ ಕಾಗದ ಪೆನ್ಸಿಲ್ ಹಿಡಿದು ಯಂತ್ರದ ಪಾತ್ರ ಮಾಡಿದರು. ಪ್ರೋಗ್ರಾಮಿನ ಸೂತ್ರದಂತೆ ಲೆಕ್ಕ ಹಾಕಿ ಒಂದು ನಡೆ ಇಡಲು ಸುಮಾರು ಅರ್ಧ ಗಂಟೆ ಬೇಕಾಗುತ್ತಿತ್ತು. ಎದುರಿಗೆ ಅಲಿಕ್ ಗ್ಲೆನ್ನಿ ಎಂಬ ಸಹೋದ್ಯೋಗಿ. ಕಾಗದದ ಯಂತ್ರ 29 ನಡೆಗಳಲ್ಲಿ ಸೋತಿತು.

1950ರಲ್ಲಿ ಅಮೆರಿಕದ ಕ್ಲಾಡ್ ಶಾನನ್ ಒಂದು ಲೇಖನ ಪ್ರಕಟಿಸಿದರು. ಚದುರಂಗದಲ್ಲಿ ಸಾಧ್ಯವಿರುವ ಆಟಗಳ ಸಂಖ್ಯೆ ಸುಮಾರು 1ರ ಮುಂದೆ 120 ಸೊನ್ನೆ ಇಟ್ಟಷ್ಟು ಎಂದು ಅವರು ಅಂದಾಜು ಮಾಡಿದರು. ಎಲ್ಲವನ್ನೂ ನೋಡಿ ಮುಗಿಸುವುದು ಯಾವ ಯಂತ್ರಕ್ಕೂ ಆಗದ ಮಾತು. ಹಾಗಾಗಿ ಕೆಲವು ನಡೆಗಳವರೆಗೆ ಮುಂದೆ ನೋಡಿ, ಅಲ್ಲಿ ನಿಂತು ‘ಈಗ ಯಾರ ಸ್ಥಿತಿ ಚೆನ್ನಾಗಿದೆ’ ಎಂದು ಅಂಕ ಹಾಕಬೇಕು ಎಂದರು. ನಿಮ್ಮ ಫೋನಿನಲ್ಲಿರುವ ಪ್ರೋಗ್ರಾಮ್ ಇವತ್ತಿಗೂ ಮಾಡುವುದು ಬಹುಪಾಲು ಅದನ್ನೇ.

1956ರಲ್ಲಿ ಲಾಸ್ ಅಲಮೋಸ್‌ನ ಮೇನಿಯಾಕ್ ಎಂಬ ಕಂಪ್ಯೂಟರ್‌ಗೆ ಆಟ ಕಲಿಸಿದರು. ಅದರ ಶಕ್ತಿ ಸಾಲದೆ ಮಣೆಯನ್ನು 6×6ಕ್ಕೆ ಇಳಿಸಿ, ಒಂಟೆಗಳನ್ನೇ ತೆಗೆದುಹಾಕಿದರು. ಇಂಗ್ಲಿಷಿನಲ್ಲಿ ಒಂಟೆಗೆ ‘ಬಿಷಪ್’ ಅನ್ನುತ್ತಾರೆ ಎಂಬುದು ನಿಮಗೆ ಗೊತ್ತು. ಹೀಗೆ ಮೊದಮೊದಲ ಕಂಪ್ಯೂಟರ್ ಚದುರಂಗ ಧರ್ಮಾಧ್ಯಕ್ಷರಿಲ್ಲದ ಧರ್ಮಪ್ರಾಂತ್ಯದಲ್ಲಿ ನಡೆಯಿತು! ಅದು ಗೆದ್ದದ್ದು ಆಗಷ್ಟೇ ಆಟ ಕಲಿತಿದ್ದ ಒಬ್ಬರ ಮೇಲೆ.

ಬಾಜಿ ಕಟ್ಟಿದವರು

1968ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಲೆವಿ ಎಂಬ ಆಟಗಾರ ಕಂಪ್ಯೂಟರ್ ವಿಜ್ಞಾನಿಗಳ ಜೊತೆ ಬಾಜಿ ಕಟ್ಟಿದರು: “ಇನ್ನು ಹತ್ತು ವರ್ಷ ಯಾವ ಕಂಪ್ಯೂಟರ್ರೂ ನನ್ನನ್ನು ಸೋಲಿಸಲಾರದು.” ಹತ್ತು ವರ್ಷ ಕಳೆದು 1978ರಲ್ಲಿ ಟೊರಾಂಟೋದಲ್ಲಿ ಚೆಸ್ 4.7 ಎಂಬ ಪ್ರೋಗ್ರಾಮಿನ ಎದುರು ಕೂತರು. 3.5–1.5ರಲ್ಲಿ ಗೆದ್ದು ಬಾಜಿ ಉಳಿಸಿಕೊಂಡರು. ಆದರೆ ಒಂದು ಆಟದಲ್ಲಿ ಸೋತಿದ್ದರು. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಗೊತ್ತಾಗಲು ಅಷ್ಟು ಸಾಕಿತ್ತು.

ಅದೇ ಕಾಲದ ಇನ್ನೊಂದು ಘಟನೆ ನಮಗೆ ಬಹಳ ಹಿಡಿಸಿತು. ರಾಜ–ಮಂತ್ರಿ ಒಂದು ಕಡೆ, ರಾಜ–ಆನೆ ಇನ್ನೊಂದು ಕಡೆ ಉಳಿದರೆ ಮಂತ್ರಿ ಇದ್ದವರು ಗೆಲ್ಲುತ್ತಾರೆ ಎಂದು ಪುಸ್ತಕಗಳು ಹೇಳುತ್ತಿದ್ದವು. ಕೆನ್ ಥಾಂಪ್ಸನ್ ಎಂಬ ವಿಜ್ಞಾನಿ ಆ ಸ್ಥಿತಿಯ ಎಲ್ಲ ಸಾಧ್ಯತೆಗಳನ್ನೂ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸಿಟ್ಟರು. ಗ್ರ್ಯಾಂಡ್‌ಮಾಸ್ಟರ್ ವಾಲ್ಟರ್ ಬ್ರೌನ್, ಇದೇನು ಮಹಾ ಎಂದು 100 ಡಾಲರ್ ಬಾಜಿ ಕಟ್ಟಿ ಮಂತ್ರಿಯ ಕಡೆ ಕೂತರು. ಕಂಪ್ಯೂಟರ್ ಆನೆಯನ್ನು ಎಲ್ಲೆಲ್ಲೋ ಓಡಿಸಿತು, ಬ್ರೌನ್‌ಗೆ 50 ನಡೆಗಳ ಮಿತಿಯೊಳಗೆ ಗೆಲ್ಲಲಾಗಲಿಲ್ಲ. ಅವರು ಮನೆಗೆ ಹೋಗಿ, ಕೂತು ಅಭ್ಯಾಸ ಮಾಡಿ ಮತ್ತೆ ಬಂದರು. ಎರಡನೇ ಸಲ ಸರಿಯಾಗಿ 50ನೇ ನಡೆಯಲ್ಲಿ ಕೆಲಸ ಮುಗಿಸಿದರು. ಇಲ್ಲಿ ಯಂತ್ರ ಅವರಿಗಿಂತ ಹೆಚ್ಚು ತಿಳಿದಿತ್ತು, ನಿಜ. ಆದರೆ ಅದರಿಂದಲೇ ಅವರು ಕಲಿತರು.

1997, ಮೇ 11

1988ರಲ್ಲಿ ಡೀಪ್ ಥಾಟ್ ಎಂಬ ಯಂತ್ರ ಡೆನ್ಮಾರ್ಕಿನ ಗ್ರ್ಯಾಂಡ್‌ಮಾಸ್ಟರ್ ಬೆಂಟ್ ಲಾರ್ಸನ್‌ರನ್ನು ಪಂದ್ಯಾವಳಿಯಲ್ಲೇ ಸೋಲಿಸಿತು. ಅದೇ ವರ್ಷ ನಮ್ಮ ವಿಶ್ವನಾಥನ್ ಆನಂದ್ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಆನಂದ್ ಬೆಳೆದದ್ದು ಮದ್ರಾಸಿನ ತಾಲ್ ಚೆಸ್ ಕ್ಲಬ್ಬಿನಲ್ಲಿ, ಎದುರಿಗೆ ಕೂತ ಮನುಷ್ಯರ ಜೊತೆ ಆಡಿ.

ಐಬಿಎಂ ಕಂಪನಿ ಡೀಪ್ ಥಾಟ್‌ನ ತಂಡವನ್ನೇ ಕರೆದುಕೊಂಡು ಡೀಪ್ ಬ್ಲೂ ಕಟ್ಟಿತು. 1996ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದಲ್ಲಿ, ತುರ್ಕಿ ಗೊಂಬೆ ಸುಟ್ಟುಹೋದ ಅದೇ ಊರಿನಲ್ಲಿ, ಅದು ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ವಿರುದ್ಧ ಮೊದಲ ಆಟ ಗೆದ್ದಿತು. ಪಂದ್ಯ ಮಾತ್ರ ಕಾಸ್ಪರೋವ್‌ಗೆ 4–2ರಲ್ಲಿ ಸಿಕ್ಕಿತು. ಮರುವರ್ಷ ನ್ಯೂಯಾರ್ಕಿನಲ್ಲಿ ಸುಧಾರಿಸಿದ ಯಂತ್ರ ಬಂತು. ಅದು ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸಬಲ್ಲುದಾಗಿತ್ತು.

ಮೊದಲ ಆಟ ಕಾಸ್ಪರೋವ್ ಗೆದ್ದರು. ಎರಡನೇ ಆಟದಲ್ಲಿ ಯಂತ್ರ ಎಷ್ಟು ಶಾಂತವಾಗಿ, ಮನುಷ್ಯನಂತೆ ಆಡಿತೆಂದರೆ ಅವರು ಗಾಬರಿಯಾಗಿ ಸೋಲೊಪ್ಪಿಕೊಂಡರು. ಆ ಸ್ಥಿತಿಯಲ್ಲಿ ಡ್ರಾ ಮಾಡಿಕೊಳ್ಳುವ ದಾರಿ ಇತ್ತು ಎಂದು ಆಮೇಲೆ ಗೊತ್ತಾಯಿತು. ಒಳಗೆ ಯಾರೋ ಮನುಷ್ಯರು ಸಹಾಯ ಮಾಡುತ್ತಿದ್ದಾರೆ ಎಂದು ಅವರಿಗೆ ಅನುಮಾನ. ಐಬಿಎಂ ಅದನ್ನು ಅಲ್ಲಗಳೆಯಿತು. 1770ರ ಪೆಟ್ಟಿಗೆಯ ನೆರಳು ಇಲ್ಲೂ ಬಿದ್ದಿತ್ತು ನೋಡಿ. ಮೇ 11ರಂದು ಆರನೇ ಆಟ 19 ನಡೆಗಳಲ್ಲೇ ಮುಗಿಯಿತು. ಯಂತ್ರಕ್ಕೆ 3.5, ಮನುಷ್ಯನಿಗೆ 2.5. ಈ ಸಲ ಪೆಟ್ಟಿಗೆಯೊಳಗೆ ಯಾರೂ ಇರಲಿಲ್ಲ.

ಅಂತರ ಬೆಳೆದದ್ದು ಹೇಗೆ

ಅಲ್ಲಿಗೆ ಎಲ್ಲ ಮುಗಿಯಲಿಲ್ಲ. 1998ರಲ್ಲಿ ಇಟಲಿಯಲ್ಲಿ ಆನಂದ್ ರೆಬೆಲ್ ಎಂಬ ಪ್ರೋಗ್ರಾಮಿನ ಜೊತೆ ಎಂಟು ಆಟ ಆಡಿದರು. ಒಟ್ಟಿನಲ್ಲಿ ರೆಬೆಲ್ 5–3ರಲ್ಲಿ ಗೆದ್ದಿತು. ಆದರೆ ಒಳಗೆ ನೋಡಿದರೆ ಸ್ವಾರಸ್ಯವಿದೆ. ಯಂತ್ರ ಮೇಲುಗೈ ಪಡೆದದ್ದು ಗಡಿಯಾರ ಓಡುವ ವೇಗದ ಆಟಗಳಲ್ಲಿ. ನಿಧಾನವಾಗಿ ಯೋಚಿಸಲು ಸಮಯವಿದ್ದ ಎರಡು ಆಟಗಳಲ್ಲಿ ಆನಂದ್‌ಗೆ 1.5, ಯಂತ್ರಕ್ಕೆ 0.5. ಆಗ ಮನುಷ್ಯನಿಗೆ ಸಮಯ ಕೊಟ್ಟರೆ ಸಮಬಲ ಇತ್ತು.

ಆಮೇಲಿನ ಹತ್ತು ವರ್ಷಗಳಲ್ಲಿ ಅದೂ ಹೋಯಿತು. 2002ರಲ್ಲಿ ವ್ಲಾದಿಮಿರ್ ಕ್ರಾಮ್ನಿಕ್ ಡೀಪ್ ಫ್ರಿಟ್ಜ್ ಜೊತೆ 4–4ರಲ್ಲಿ ಸಮ ಮಾಡಿಕೊಂಡರು. 2005ರಲ್ಲಿ ಲಂಡನ್ನಿನಲ್ಲಿ ಹೈಡ್ರಾ ಎಂಬ ಯಂತ್ರ ಮೈಕೆಲ್ ಆಡಮ್ಸ್‌ರನ್ನು 5.5–0.5ರಲ್ಲಿ ಸೋಲಿಸಿತು. ಆರು ಆಟದಲ್ಲಿ ಮನುಷ್ಯನಿಗೆ ಸಿಕ್ಕಿದ್ದು ಒಂದೇ ಡ್ರಾ. 2006ರಲ್ಲಿ ಬಾನ್ ನಗರದಲ್ಲಿ ವಿಶ್ವ ಚಾಂಪಿಯನ್ ಕ್ರಾಮ್ನಿಕ್ ಮತ್ತೆ ಡೀಪ್ ಫ್ರಿಟ್ಜ್ ಎದುರು ಕೂತು 2–4ರಲ್ಲಿ ಸೋತರು. ಒಂದು ಆಟದಲ್ಲಂತೂ ಒಂದೇ ನಡೆಯ ಚೆಕ್‌ಮೇಟ್ ಅವರ ಕಣ್ಣಿಗೆ ಬೀಳಲಿಲ್ಲ. ನಾವು ಮಾಡುವ ತಪ್ಪನ್ನು ವಿಶ್ವ ಚಾಂಪಿಯನ್ ಕೂಡ ಮಾಡುತ್ತಾರೆ!

2007ರಲ್ಲಿ ರಿಬ್ಕಾ ಎಂಬ ಪ್ರೋಗ್ರಾಮ್ ಪ್ರತಿ ಆಟದಲ್ಲೂ ತನ್ನ ಒಂದು ಕಾಲಾಳನ್ನು ಮೊದಲೇ ತೆಗೆದಿಟ್ಟು ಗ್ರ್ಯಾಂಡ್‌ಮಾಸ್ಟರ್ ಯಾನ್ ಎಲ್ವೆಸ್ಟ್ ಜೊತೆ ಆಡಿತು. ಆದರೂ 5.5–2.5ರಲ್ಲಿ ಗೆದ್ದಿತು. 2009ರಲ್ಲಿ ಬ್ಯೂನಸ್ ಐರಿಸ್‌ನ ಒಂದು ಪಂದ್ಯಾವಳಿಯಲ್ಲಿ ಪಾಕೆಟ್ ಫ್ರಿಟ್ಜ್ 4 ಹತ್ತರಲ್ಲಿ 9.5 ಅಂಕ ಗಳಿಸಿತು. ಅದು ಓಡಿದ್ದು ಒಂದು ಮೊಬೈಲ್ ಫೋನಿನಲ್ಲಿ. ಡೀಪ್ ಬ್ಲೂ ಸೆಕೆಂಡಿಗೆ 20 ಕೋಟಿ ಸ್ಥಿತಿ ನೋಡುತ್ತಿತ್ತಲ್ಲ, ಈ ಫೋನು ನೋಡುತ್ತಿದ್ದದ್ದು 20,000ಕ್ಕೂ ಕಡಿಮೆ. ಯಂತ್ರದ ವೇಗಕ್ಕಿಂತ ಪ್ರೋಗ್ರಾಮಿನ ವಿವೇಚನೆ ಬೆಳೆದಿತ್ತು. ಯಾವ ನಡೆಯನ್ನು ನೋಡುವ ಅಗತ್ಯವೇ ಇಲ್ಲ ಎಂದು ಅದು ಕಲಿತಿತ್ತು.

2017ರ ಡಿಸೆಂಬರಿನಲ್ಲಿ ಆಲ್ಫಾಜೀರೋ ಬಂತು. ಅದಕ್ಕೆ ನಿಯಮ ಬಿಟ್ಟು ಬೇರೇನನ್ನೂ ಹೇಳಿಕೊಟ್ಟಿರಲಿಲ್ಲ. ತನ್ನ ಜೊತೆ ತಾನೇ ಲಕ್ಷಾಂತರ ಆಟ ಆಡಿ ಕಲಿತು, ಆಗಿನ ಬಲಿಷ್ಠ ಪ್ರೋಗ್ರಾಮ್ ಸ್ಟಾಕ್‌ಫಿಶ್ ವಿರುದ್ಧ 100 ಆಟಗಳಲ್ಲಿ 28 ಗೆದ್ದು 72 ಡ್ರಾ ಮಾಡಿತು. ಒಂದನ್ನೂ ಸೋಲಲಿಲ್ಲ. ಸ್ಟಾಕ್‌ಫಿಶ್ ಸುಮ್ಮನೆ ಕೂರಲಿಲ್ಲ. 2020ರಲ್ಲಿ ಅದೂ ಆ ಬಗೆಯ ಕಲಿಕೆಯನ್ನು ತನ್ನೊಳಗೆ ಸೇರಿಸಿಕೊಂಡಿತು. ನಮ್ಮ ತಮ್ಮ ಅವತ್ತು ಫೋನಿನಲ್ಲಿ ನೋಡಿದ್ದು ಅದನ್ನೇ. ಅದು ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಪ್ರೋಗ್ರಾಮ್.

ಈಗ ಅಂತರ ಎಷ್ಟು? ಚದುರಂಗದಲ್ಲಿ ಬಲವನ್ನು ಅಳೆಯುವುದು ಈಲೋ ರೇಟಿಂಗಿನಿಂದ. ಇಬ್ಬರ ನಡುವೆ 200 ಅಂಕದ ವ್ಯತ್ಯಾಸ ಇದ್ದರೆ ಬಲಶಾಲಿ 100ರಲ್ಲಿ ಸುಮಾರು 76 ಪಾಲು ಪಡೆಯುತ್ತಾನೆ. 400 ಇದ್ದರೆ ಸುಮಾರು 91. ಮನುಷ್ಯರಲ್ಲಿ ಈವರೆಗಿನ ಅತಿ ಹೆಚ್ಚಿನ ರೇಟಿಂಗ್ ಮ್ಯಾಗ್ನಸ್ ಕಾರ್ಲ್‌ಸನ್ ಅವರದು, 2014ರಲ್ಲಿ 2882. ಪ್ರೋಗ್ರಾಮುಗಳ ಪಟ್ಟಿಯಲ್ಲಿ ಸ್ಟಾಕ್‌ಫಿಶ್ 3600ರ ಆಸುಪಾಸಿನಲ್ಲಿದೆ. ಆ ಪಟ್ಟಿ ಯಂತ್ರಗಳು ತಮ್ಮತಮ್ಮಲ್ಲೇ ಆಡಿ ಮಾಡಿಕೊಂಡದ್ದು, ಹಾಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ಸರಿಯಾಗಿ ತೂಗಲಾಗದು. ಆದರೂ 700 ಅಂಕದ ಅಂತರ ಎಂದಿಟ್ಟುಕೊಂಡರೆ 100 ಅಂಕಗಳಲ್ಲಿ 98 ಯಂತ್ರದ ಪಾಲು. ಮನುಷ್ಯನಿಗೆ ಅಪರೂಪಕ್ಕೊಂದು ಡ್ರಾ.

ಆದ್ದರಿಂದ ತಮ್ಮನ ಮೊದಲ ಪ್ರಶ್ನೆಗೆ ಉತ್ತರ: ಹೌದು, ನಿಜ. ನಿನ್ನ ಜೇಬಿನಲ್ಲಿರುವುದು ವಿಶ್ವ ಚಾಂಪಿಯನ್‌ಗಿಂತ ಬಹಳ ಬಲಶಾಲಿ. ಅದರಲ್ಲಿ ಈಗ ಯಾರಿಗೂ ಸಂಶಯವಿಲ್ಲ.

ಜೇಬಿನೊಳಗಿನ ಯಂತ್ರ

ಈಗ ಆ ಹಳೆಯ ಪೆಟ್ಟಿಗೆಯನ್ನು ನೆನಪು ಮಾಡಿಕೊಳ್ಳಿ. 1770ರಲ್ಲಿ ಯಂತ್ರ ಎಂದು ನಂಬಿಸಲು ಒಳಗೆ ಮನುಷ್ಯನನ್ನು ಅಡಗಿಸುತ್ತಿದ್ದರು. ಇವತ್ತು ಮನುಷ್ಯ ಎಂದು ನಂಬಿಸಲು ಒಳಗೆ ಯಂತ್ರವನ್ನು ಅಡಗಿಸುತ್ತಾರೆ. 2006ರಲ್ಲಿ ನಮ್ಮ ದೇಶದಲ್ಲೇ ಒಬ್ಬ ಆಟಗಾರ ಟೋಪಿಯಲ್ಲಿ ಬ್ಲೂಟೂತ್ ಸಾಧನ ಇಟ್ಟುಕೊಂಡು ಸಿಕ್ಕಿಬಿದ್ದು ಹತ್ತು ವರ್ಷ ನಿಷೇಧಕ್ಕೆ ಒಳಗಾದ. 2019ರಲ್ಲಿ ಫ್ರಾನ್ಸಿನಲ್ಲಿ ಒಬ್ಬ ಗ್ರ್ಯಾಂಡ್‌ಮಾಸ್ಟರ್ ಶೌಚಾಲಯದಲ್ಲಿ ಫೋನ್ ನೋಡುತ್ತಿದ್ದಾಗ ಸಿಕ್ಕಿ, ಬಿರುದನ್ನೇ ಕಳೆದುಕೊಂಡರು.

ನಮಗೆ ಹತ್ತಿರದ ಊರಿನ ಘಟನೆಯೂ ಇದೆ. 2021ರ ಜೂನ್. ಕೊರೊನಾ ಕಾಲ. ಹಸಿದವರಿಗೆ ಊಟ ಹಂಚಲು ಹಣ ಕೂಡಿಸುವುದಕ್ಕಾಗಿ ಆನಂದ್ ಆನ್‌ಲೈನ್‌ನಲ್ಲಿ ಹಲವು ಗಣ್ಯರ ಜೊತೆ ಏಕಕಾಲಕ್ಕೆ ಆಡಿದರು. ಐದು ಸಲ ವಿಶ್ವ ಚಾಂಪಿಯನ್ ಆಗಿದ್ದ ಆನಂದ್, ಬೆಂಗಳೂರಿನ ಒಬ್ಬ ಯುವ ಉದ್ಯಮಿಗೆ ಸೋತರು! ನೋಡಿದವರಿಗೆಲ್ಲ ಅನುಮಾನ ಬಂತು. ಮರುದಿನ ಆ ಉದ್ಯಮಿ, ಕಂಪ್ಯೂಟರಿನ ಮತ್ತು ಬೇರೆಯವರ ಸಹಾಯ ಪಡೆದಿದ್ದೆ ಎಂದು ತಾವೇ ಒಪ್ಪಿ ಕ್ಷಮೆ ಕೇಳಿದರು. ತಾನು ಮಣೆಯ ಮೇಲಿದ್ದ ಸ್ಥಿತಿಯನ್ನಷ್ಟೇ ಆಡಿದೆ, ಎಲ್ಲರಿಂದಲೂ ಅದನ್ನೇ ನಿರೀಕ್ಷಿಸಿದ್ದೆ ಎಂಬ ಅರ್ಥದ ಎರಡು ಮಾತಿನಲ್ಲಿ ಆನಂದ್ ಮುಗಿಸಿದರು. ಆ ಹೆಸರನ್ನು ನಾವು ಇಲ್ಲಿ ಬರೆಯುತ್ತಿಲ್ಲ. ಕ್ಷಮೆ ಕೇಳಿದವರ ತಪ್ಪನ್ನು ಮತ್ತೆ ಮತ್ತೆ ಎತ್ತಿ ಆಡುವುದು ನಮಗೆ ಬೇಡ. ನಮ್ಮ ಮನೆಯಲ್ಲೇ ಅದೇ ತಪ್ಪು ನಡೆದಿರುವಾಗ ಮೊದಲೇ ಬೇಡ.

ಆದರೆ ಒಂದು ವಿಷಯ ಗಮನಿಸಿ. ಯಂತ್ರವನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟು ಆಡುವ ಪಂದ್ಯಗಳೂ ನಡೆದಿವೆ. ಇಬ್ಬರ ಪಕ್ಕದಲ್ಲೂ ಒಂದೊಂದು ಕಂಪ್ಯೂಟರ್. 1999ರಲ್ಲಿ ಸ್ಪೇನ್‌ನ ಲೆಯೋನ್‌ನಲ್ಲಿ ಇಂಥ ಪಂದ್ಯದಲ್ಲಿ ಇದೇ ಆನಂದ್, ಅನಾತೊಲಿ ಕಾರ್ಪೊವ್‌ರನ್ನು 5–1ರಲ್ಲಿ ಸೋಲಿಸಿದ್ದರು. ಅದನ್ನು ಯಾರೂ ಮೋಸ ಅನ್ನಲಿಲ್ಲ. ಅದೇ ಯಂತ್ರ ಮೇಜಿನ ಮೇಲಿದ್ದರೆ ಸಲಕರಣೆ, ಜೇಬಿನಲ್ಲಿದ್ದರೆ ಸುಳ್ಳು.

ಹಾಗಾದರೆ ಕಲಿತು ಏನು ಬಂತು?

ಎರಡನೇ ಪ್ರಶ್ನೆಗೆ ಉತ್ತರವೂ ಚರಿತ್ರೆಯಲ್ಲೇ ಇದೆ. 1997ರಲ್ಲಿ ಚದುರಂಗ ಸತ್ತೇಹೋಯಿತು ಎಂದವರಿದ್ದರು. ಆದದ್ದು ಬೇರೆ. ಆಂಧ್ರದ ಪೆಂಟಾಲ ಹರಿಕೃಷ್ಣ 2001ರಲ್ಲಿ, ಕೋನೇರು ಹಂಪಿ 2002ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದರು. ಆಗ ಹಂಪಿಗೆ ಹದಿನೈದೇ ವರ್ಷ. 2017ರಲ್ಲಿ ಮೈಸೂರಿನ ತೇಜ್‌ಕುಮಾರ್ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಇವರೆಲ್ಲ ಯಂತ್ರ ಗೆದ್ದ ಮೇಲೆ ಬಂದವರು.

2024ರ ಡಿಸೆಂಬರ್ 12ರಂದು ಸಿಂಗಾಪುರದಲ್ಲಿ ಗುಕೇಶ್ 18ನೇ ವಯಸ್ಸಿನಲ್ಲಿ ವಿಶ್ವ ಚಾಂಪಿಯನ್ ಆದದ್ದು ನಿಮಗೆ ಗೊತ್ತು. ಅವರು ಚಿಕ್ಕವರಿದ್ದಾಗ ಅವರ ಕೋಚ್ ಬಹಳ ಕಾಲ ಕಂಪ್ಯೂಟರ್ ಮುಟ್ಟಲು ಬಿಟ್ಟಿರಲಿಲ್ಲ. ಮೊದಲು ತಲೆ ಕೆಲಸ ಮಾಡಲಿ, ಆಮೇಲೆ ಯಂತ್ರ ಎಂಬುದು ಅವರ ದಾರಿ. ಆ ಕೊನೆಯ ಆಟದ 55ನೇ ನಡೆಯಲ್ಲಿ ಡಿಂಗ್ ಲಿರೆನ್ ಆನೆಯನ್ನು ತಪ್ಪು ಮನೆಗೆ ಇಟ್ಟರು. ಯಂತ್ರ ಹಾಕಿಕೊಂಡು ನೋಡುತ್ತಿದ್ದ ನಮ್ಮಂಥವರಿಗೆಲ್ಲ ತಕ್ಷಣ ಗೊತ್ತಾಯಿತು, ಆಟ ಮುಗಿಯಿತು ಎಂದು. ಗೊತ್ತಿಲ್ಲದೆ ಕೂತವರು ಅಲ್ಲಿದ್ದ ಇಬ್ಬರು ಮಾತ್ರ. ಕೆಲವು ಕ್ಷಣ ಬಿಟ್ಟು ಗುಕೇಶ್ ಕಣ್ಣರಳಿಸಿದರು, ನೀರು ಕುಡಿದರು, ಮತ್ತೆ ಮಣೆ ನೋಡಿದರು. ಜಗತ್ತು ಕಾಯುತ್ತಿದ್ದದ್ದು ಆ ಕೆಲವು ಕ್ಷಣಗಳಿಗೆ. ಸರಿಯಾದ ನಡೆ ಎಲ್ಲರ ಫೋನಿನಲ್ಲೂ ಇತ್ತು. ಅದನ್ನು ತಾನೇ ಕಂಡುಹಿಡಿದ ಮನುಷ್ಯ ಅಲ್ಲಿ ಒಬ್ಬನೇ.

ಹಿಂದೂಪುರದಿಂದ ಬೆಂಗಳೂರಿಗೆ ರೈಲು ಓಡುತ್ತದೆ. ಹಾಗಂತ ನಮ್ಮ ಶಾಲೆಗಳಲ್ಲಿ ಓಟದ ಪಂದ್ಯ ನಿಂತಿಲ್ಲ. ಓಟದ ನಡುವೆ ಆಟೋ ಹತ್ತಿ ಮೊದಲು ಬಂದರೆ ಗೆದ್ದದ್ದು ಆಟೋ. ಓಡಿದವನ ಕಾಲಿಗೆ ಏನೂ ಸೇರಲಿಲ್ಲ. ಜೊತೆಗೆ, ಪ್ರಾಮಾಣಿಕವಾಗಿ ಓಡಿದ ಇನ್ನೊಬ್ಬನ ಶ್ರಮವನ್ನು ಕದ್ದ ಹಾಗೂ ಆಯಿತು. ಅವತ್ತು ನಮ್ಮ ಮಣೆಯ ಎದುರು ಕೂತಿದ್ದ ಕಲ್ಯಾಣದುರ್ಗದ ಹುಡುಗ ಎರಡು ಗಂಟೆ ತಲೆ ಕೆಡಿಸಿಕೊಂಡು ಆಡಿ, ತಾನೇ ದಡ್ಡ ಎಂದುಕೊಂಡು ಬಸ್ ಹತ್ತಿದ್ದ. ಆ ಭಾರವನ್ನು ಅವನ ತಲೆಯ ಮೇಲೆ ಇಟ್ಟು ಕಳಿಸಿದವರು ನಾವು.

ನಾವು ಕಲ್ಯಾಣದುರ್ಗಕ್ಕೆ ಪತ್ರ ಬರೆದು ನಡೆದದ್ದನ್ನೆಲ್ಲ ಹೇಳಿದೆವು. ನಮ್ಮ 3–2 ಗೆಲುವನ್ನು ಹಿಂದಕ್ಕೆ ಕೊಟ್ಟೆವು. ಅವರು ಕೋಪ ಮಾಡಿಕೊಂಡಿದ್ದರೂ ನ್ಯಾಯವೇ. ಆದರೆ ಬಂದ ಉತ್ತರ ಹೀಗಿತ್ತು: “ಈ ಸಲ ನೀವು ಬನ್ನಿ. ಅವನನ್ನೂ ಕರೆದುಕೊಂಡೇ ಬನ್ನಿ.”

ಹೋದೆವು. ಮೊದಲ ಸಲ ಹೊರಗೆ ಹೋಗುವ ಮುಂಚೆ ಮಣೆಯ ಮೇಲೆ ಕಾಯಿಗಳು ಎಲ್ಲೆಲ್ಲಿದ್ದವು ಎಂದು ಇಬ್ಬರಿಗೂ ನೆನಪಿತ್ತು. ಅದೇ ಸ್ಥಿತಿ ಇಟ್ಟು ಅಲ್ಲಿಂದ ಮುಂದುವರಿಸಿದರು. ಫೋನುಗಳೆಲ್ಲ ಬಾಗಿಲ ಬಳಿ ಒಂದು ಬಿದಿರಿನ ಬುಟ್ಟಿಯಲ್ಲಿ, ನಮ್ಮದೂ ಸೇರಿ. ಒಂದೂವರೆ ಗಂಟೆ ಆಡಿ ನಮ್ಮ ತಮ್ಮ ಸೋತ. ಸೋತ ಮೇಲೆ ಇಬ್ಬರೂ ಏಳಲಿಲ್ಲ. “ಇಲ್ಲಿ ಕುದುರೆ ಇಟ್ಟಿದ್ರೆ?” “ಇಟ್ಟಿದ್ರೆ ನಾನು ಬಂಟು ತಳ್ತಿದ್ದೆ” ಅಂತ ಕಾಯಿಗಳನ್ನು ಹಿಂದೆ ಮುಂದೆ ಮಾಡುತ್ತಲೇ ಇದ್ದರು. ಊಟಕ್ಕೆ ಎರಡು ಸಲ ಕರೆದೆವು. ಮೂರನೇ ಸಲ ಕರೆಯಲು ಹೋದಾಗ ಬುಟ್ಟಿಯಿಂದ ಒಂದು ಫೋನ್ ತಂದು ಇಬ್ಬರ ನಡುವೆ ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಯಂತ್ರ ಏನು ಹೇಳುತ್ತದೆ ಎಂದು ಇಬ್ಬರೂ ಸೇರಿ ನೋಡುತ್ತಿದ್ದರು. ಇಬ್ಬರಿಗೂ ಹೊಳೆಯದ ಒಂದು ನಡೆ ಅದು ತೋರಿಸಿತಂತೆ. ಒಂಟೆಯ ನಡೆ. ಬಸ್ಸಿನಲ್ಲಿ ಪಾವಗಡ ದಾಟುವವರೆಗೂ ತಮ್ಮ ಅದನ್ನೇ ಹೇಳುತ್ತಿದ್ದ.

ಮುಂದಿನ ಪಂದ್ಯ ಹಿಂದೂಪುರದಲ್ಲಿ. ಆಡಲು ಬರುವವರು ಬನ್ನಿ, ಕಲಿಯಲು ಬರುವವರೂ ಬನ್ನಿ. ಮಣೆ ಇದ್ದವರು ಮಣೆ ತನ್ನಿ. ಬುಟ್ಟಿ ನಾವು ಇಟ್ಟಿರುತ್ತೇವೆ.